ಗುರುವಾರದೊಳಗೆ ಬನ್ನಿ

ಹಳೇ ಕಾಫಿ ಸ್ಟೋರ್, ದೋಣಿಗಲ್
ಸೋಮವಾರ, ಮಧ್ಯಾಹ್ನ

ಮಂಜುಶ್ರೀ ಅಪ್ಪನಿಗೆ ಚಂದ್ರಿಕಾ ಮಾಡುವ ನಮಸ್ಕಾರ.

ನಾವಿಲ್ಲಿ ಕ್ಷೇಮ ಅಂತ ಬರೆದರೆ ನೀವು ಅಲ್ಲೇ ಆರಾಮಾಗಿ ಕೂತ್ಬುಡ್ತೀರಿ, ಅದಕ್ಕೇ ಬರೆಯಲ್ಲ. ಫೋನ್ ಮಾಡಿ ಮಾಡಿ ಸಾಕಾಯ್ತು. ಆ ಎಡಕುಮೇರಿ ಕಾಡಲ್ಲಿ ಸಿಗ್ನಲ್ ಇಲ್ಲ ಅಂತ ಗೊತ್ತು, ಆದರೂ ಸಿಟ್ಟು ನಿಮ್ಮ ಮೇಲೇ ಬರ್ತದೆ. ನಿಮ್ಮ ಜೊತೆ ರೈಲ್ವೆ ಹಳಿ ಕೆಲಸ ಮಾಡೋ ಬಾಲು ರಜೆ ಮುಗಿಸಿ ನಾಳೆ ಹೊರಡ್ತಾನೆ, ಅವನ ಕೈಲಿ ಇದನ್ನ ಕೊಡ್ತೀನಿ. ಓದಿ ಜೇಬಿಗೆ ತುರುಕ್ಕೋಬೇಡಿ. ಓದಿದವರೇ ಹೊರಡಿ.

ವಿಷಯ ಇಷ್ಟು. ಗುರುವಾರ ಟ್ರಸ್ಟಿನವರು ಬರ್ತಾರೆ. ಹಾನುಬಾಳಿನ ಎಸ್ಟೇಟ್ ಮಾರಿ, ನಾವು ಕೂಲಿಯವರಿದ್ದ ಲೈನ್ ಮನೆ ಕೆಡವಿ ನಮ್ಮನ್ನ ಬೀದಿಗೆ ಬಿಟ್ಟಾಗ, ಆರು ತಿಂಗಳು ಇಲ್ಲಿರಿ ಆಮೇಲೆ ಸ್ವಂತ ಮನೆ ಅಂತ ಈ ಸ್ಟೋರಿಗೆ ಕರ್ಕೊಂಡು ಬಂದ್ರಲ್ಲ, ಅವರೇ. ಎರಡು ಮಳೆಗಾಲ ಕಳೀತು. ಈಗ ಆಲೂರು ರಸ್ತೆಯಲ್ಲಿ ಮನೆ ಎದ್ದವೆ, ಆದರೆ ಇಲ್ಲಿರೋ ಎಲ್ಲರಿಗೂ ಸಾಲೋವಷ್ಟಿಲ್ಲ. ಯಾರ್ಯಾರಿಗೆ ಅಂತ ಗುರುವಾರ ಹೇಳ್ತಾರೆ. ಸಿಗದವರು ಇಲ್ಲೇ ಇರಬೇಕು, ಅದೂ ಸ್ಟೋರಿನ ಯಜಮಾನರು ಬಿಟ್ಟಷ್ಟು ದಿನ. ಆಮೇಲೆ ದೇವರೇ ಗತಿ.

ನಮ್ಮ ಪ್ಲೈವುಡ್ ಗೋಡೆ ಆಚೆ ಕಡೆ ಪುಷ್ಪಾ ಇದ್ದಾಳಲ್ಲ, ಅವಳು ಹೇಳೋದು ಏನಂದ್ರೆ, ಗಂಡ ಬಿಟ್ಟು ಹೋದವಳು ಅಂತ ಹೇಳಿದ್ರೆ ಮೊದಲು ಅವಳಿಗೇ ಮನೆಯಂತೆ. ಗಂಡ ದುಡಿಯೋಕೆ ಹೋಗಿದ್ದಾನೆ ಅಂದ್ರೆ, ದುಡಿಯೋ ಗಂಡಸಿದ್ದಾನಲ್ಲ, ಬಾಡಿಗೆ ಮನೆ ಹಿಡೀಲಿ ಅಂತಾರಂತೆ. ಸ್ಟೋರ್ ತುಂಬಾ ಈಗ ಇದೇ ಮಾತು. ನೀರು ಹಿಡಿಯೋಕೆ ನಿಂತರೂ ಇದೇ. ಒಬ್ಬಳಂತೂ ಕಾಲುಂಗುರ ಬಿಚ್ಚಿಟ್ಟು ರೆಡಿಯಾಗಿದ್ದಾಳೆ, ಗಂಡ ಪಕ್ಕದಲ್ಲೇ ಬೀಡಿ ಸೇದ್ತಾ ಕೂತಿದ್ದಾನೆ! ನನಗೆ ನಗು ತಡೀಲಿಲ್ಲ. ಆಮೇಲೆ ಒಳಗೆ ಬಂದು ನನ್ನ ಕಾಲು ನೋಡ್ಕೊಂಡೆ.

ಆ ಮಾತು ನನ್ನ ಬಾಯಲ್ಲಿ ಬರಲ್ಲ ಕಣ್ರೀ. ನೀವು ನಿಜವಾಗಿ ನಮ್ಮನ್ನ ಬಿಟ್ಟು ಹೋದ್ರೋ, ದುಡಿಯೋಕೆ ಹೋದ್ರೋ ನನಗೇ ಗೊತ್ತಿಲ್ಲ. ನಾಲ್ಕು ಜನರ ಮುಂದೆ ಒಂದು ಸಲ ಅಂದ್ಬುಟ್ರೆ ಅದೇ ಆಗಿಹೋಗುತ್ತೆ ಅಂತ ಭಯ ನನಗೆ.

ಹೊರಟುಹೋದ ದಿನ ನಿಮ್ಮವ್ವನಿಗೆ ಚಳಿ ಅಂತ ನೀವು ಒಳಗೇ ಮೂರು ಕಲ್ಲಿಟ್ಟು ಬೆಂಕಿ ಮಾಡಿದ್ದನ್ನ ನಾನು ಆಡಿಕೊಳ್ಳಲ್ಲ. ಲೈನಿನಲ್ಲಿ ನಮ್ಮ ಒಲೆ ಆರಿದ್ದೇ ನಾನು ಕಾಣೆ. ಇಲ್ಲಿ ಒಲೆ ಇಲ್ಲ, ಎಲ್ಲರಿಗೂ ಸೇರಿ ಒಂದು ಅಡಿಗೆ ಕೋಣೆ, ಪಾಳಿ ಬಂದಾಗ ಗ್ಯಾಸು. ಆದರೆ ಸುತ್ತ ಪ್ಲೈವುಡ್ ಐತಲ್ಲ ಮಾರಾಯ್ರೇ, ಹತ್ಕೊಂಡಿದ್ರೆ? ಇಲ್ಲಿನ ಉಸ್ತುವಾರಿ ಶಿವಲೀಲಾ ಮೇಡಂ ಬೈದದ್ದು ಅದಕ್ಕೇ. ಹೆಂಗಸರೆಲ್ಲ ನೋಡ್ತಾ ನಿಂತಿರುವಾಗ ಬೈದ್ರು, ಅದು ನಿಮಗೆ ತಡೀಲಿಲ್ಲ. ಎಸ್ಟೇಟಿನಲ್ಲಿದ್ದಾಗ ನೀವೇ ಕಾಫಿ ಮೂಟೆ ಹೊತ್ತು ತುಂಬಿದ ಸ್ಟೋರು, ಇಲ್ಲಿ ನಿಮ್ಮನ್ನ ಬೆಂಕಿ ಆರಿಸು ಅನ್ನೋರು ಯಾರು ಅಂತ ನಿಮ್ಮ ಸಿಟ್ಟು. ಮನೆ ಮಾಡಿ ಕರೆಸ್ಕೋತೀನಿ ಅಂತ ಟವೆಲ್ ಕೊಡವಿ ಹೋಗ್ಬುಟ್ರಿ. ಮಂಜು ಗೇಟಿನವರೆಗೂ ಓಡಿ ಬಂದ್ಳು. ನೀವು ತಿರುಗಿ ನೋಡಲಿಲ್ಲ.

ಅವಳೀಗ ಮಾತಾಡೋದೇ ಪಿಸುಗುಟ್ಟಿ. ಪ್ಲೈವುಡ್ ಸೂರಿನ ತನಕ ಇಲ್ಲವಲ್ಲ, ಒಬ್ಬರು ಕೆಮ್ಮಿದ್ರೆ ಎಲ್ಲರಿಗೂ ಕೇಳ್ತದೆ, ನಾನೇ ಶ್ ಶ್ ಅಂತ ಅಂದು ಅಂದು ಹಾಗೆ ಮಾಡಿಟ್ಟೆ. ಶಾಲೇಲಿ ಟೀಚರ್ ಕೇಳಿದ್ರೆ ತುಟಿ ಆಡ್ತದಂತೆ, ದನಿ ಬರಲ್ವಂತೆ. ಅಳು ಬಂದ್ರೆ ಹಿಂದುಗಡೆ ಹೋಗಿ ಅತ್ತು, ಮುಖ ತೊಳ್ಕೊಂಡು ಬರ್ತಾಳೆ. ಏಳು ವರ್ಷದ ಕೂಸು ಕಣ್ರೀ!

ನಿಮ್ಮವ್ವ ನಿಮ್ಮ ಹೆಸರೆತ್ತಲ್ಲ. ಕರೆದರೆ ಬಂದು ಉಣ್ತಾರೆ, ಉಂಡು ಗೋಡೆ ಕಡೆ ತಿರುಗಿ ಕೂರ್ತಾರೆ. ಆದರೆ ಘಾಟಿಯಲ್ಲಿ ರೈಲಿನ ಸದ್ದು ಕೇಳಿದ್ರೆ ಸಾಕು, ಎದ್ದು ಗೇಟಿನ ಹತ್ತಿರ ಹೋಗಿ ನಿಲ್ತಾರೆ. ಅದು ಗೂಡ್ಸ್ ಅತ್ತೆ, ಅದರಲ್ಲಿ ಜನ ಬರಲ್ಲ ಅಂದ್ರೆ, ನಾನೇನು ಯಾರಿಗಾದರೂ ಕಾಯ್ತಿದ್ದೀನಾ ಅಂತ ನನ್ನ ಮೇಲೇ ರೇಗ್ತಾರೆ.

ಇನ್ನೊಂದು ಮಾತು, ಕೋಪ ಮಾಡ್ಕೋಬೇಡಿ. ಇಲ್ಲಿ ಎಲ್ಲಾ ಕೆಟ್ಟದ್ದೇ ಅಲ್ಲ. ಶಾಲೆ ಹತ್ತಿರ ಐತೆ, ನಿಮ್ಮವ್ವನ ಮಂಡಿ ನೋಡೋಕೆ ಡಾಕ್ಟರ್ ಬಂದಿದ್ರು. ನಾನು ಹೈವೇ ಹೋಟೆಲಿಗೆ ರೊಟ್ಟಿ ತಟ್ಟೋಕೆ ಹೋಗ್ತೀನಿ, ಕೂಲಿ ಲೆಕ್ಕ ಬರೆಯೋ ಎಸ್ಟೇಟ್ ರೈಟರ್ ಮುಂದೆ ಕೈಕಟ್ಟಿ ನಿಲ್ಲೋದು ತಪ್ಪಿತು. ನೀವು ಇಲ್ಲಿಗೆ ಒಗ್ಗಲಿಲ್ಲ, ನಾನು ಒಗ್ಗಿದೆ. ನಿಮಗೆ ಚುಚ್ಚಿದ್ದು ಮೇಡಂ ಬೈಗುಳಕ್ಕಿಂತ ಅದೇ ಅಂತ ನನಗೆ ಗೊತ್ತು.

ಬುಧವಾರ ಸಾಯಂಕಾಲ ಬಂದ್ಬುಡಿ. ಗಡ್ಡ ಬೋಳಿಸ್ಕೊಂಡು ಬನ್ನಿ. ಟ್ರಸ್ಟಿನವರ ಮುಂದೆ ನಮ್ಮ ಪಕ್ಕ ಸುಮ್ಮನೆ ನಿಂತ್ಕೊಳ್ಳಿ, ಮಾತು ನಾನಾಡ್ತೀನಿ. ಮನೆ ಕೊಟ್ಟರೆ ಕೊಡಲಿ, ಇಲ್ಲದಿದ್ರೆ ಇಬ್ಬರೂ ಸೇರಿ ಇನ್ನೆಲ್ಲಾದರೂ ನೋಡೋಣ. ನೀವು ಬರದೇ ಹೋದ್ರೆ ಮಾತ್ರ ಮಂಜುಗೋಸ್ಕರ ಆ ಮಾತು ಅಂದೇ ಅಂತೀನಿ. ಆಮೇಲೆ ನನ್ನನ್ನ ಬೈಬೇಡಿ.

ಇಂತಿ,
ನಿಮ್ಮ ದಾರಿ ನೋಡ್ತಿರೋ
ಚಂದ್ರಿಕಾ

ವಿ.ಸೂ. (ಶುಕ್ರವಾರ ಬರೆದದ್ದು): ಬಾಲು ಮಂಗಳವಾರ ಹೊರಡಲೇ ಇಲ್ಲ. ಹಳಿ ಮೇಲೆ ಮಣ್ಣು ಕುಸಿದು ರೈಲು ನಿಂತುಹೋಗಿತ್ತು. ಕಾಗದ ನನ್ನ ಹತ್ತಿರವೇ ಉಳೀತು, ನೀವು ಬರಲಿಲ್ಲ ಅಂತ ದೂರೋ ಹಾಗೂ ಇಲ್ಲ.

ನಿನ್ನೆ ಟ್ರಸ್ಟಿನವರು ಬಂದ್ರು. ನಿಮ್ಮ ಯಜಮಾನರೆಲ್ಲಿ ಅಂತ ಕೇಳಿದ್ರು. ನಾನು ಬಾಯಿ ತೆರೆಯೋಕೆ ಮುಂಚೆ ನಿಮ್ಮವ್ವ ಎದ್ದರು. ಅಂಗಳದ ಡ್ರಮ್ಮಿನಿಂದ ಬಿಂದಿಗೆ ತುಂಬಾ ನೀರು ಮೊಗೆದು, ಉಟ್ಟ ಸೀರೆಯಲ್ಲೇ ತಲೆ ಮೇಲೆ ಹುಯ್ಕೊಂಡ್ರು. ಸತ್ತವರಿಗೆ ಹುಯ್ಕೊಳ್ಳೋ ನೀರು ಕಣ್ರೀ. ನನಗೆ ಮಗ ಇಲ್ಲ, ಅವನ ಹೆಸರಲ್ಲಿ ಈಗ ನೀರು ಹುಯ್ಕೊಂಡೆ, ಈ ತಾಯಿ ಮಗಳಿಗೆ ಮನೆ ಕೊಡಿ ಅಂದ್ರು. ಎಲ್ಲರ ಎದುರಿಗೇ.

ಟ್ರಸ್ಟಿನವರು ಗಾಬರಿಬಿದ್ದು ಎದ್ದು ನಿಂತರು. ಅಜ್ಜೀ, ಇದೆಲ್ಲ ಯಾಕೆ, ಗಂಡ ಇದ್ದರೂ ಇಲ್ಲದಿದ್ದರೂ ಮನೆ ಹೆಂಗಸಿನ ಹೆಸರಿಗೇ, ವಯಸ್ಸಾದವರು ಇರೋ ಸಂಸಾರಕ್ಕೆ ಮೊದಲು, ನಿಮ್ಮ ಹೆಸರು ಹೋದ ವಾರವೇ ಪಟ್ಟಿಗೆ ಸೇರಿಸಿ ಆಯ್ತು, ಸಾಮಾನು ಸಾಗಿಸೋಕೆ ಗಂಡಸರು ಇದ್ದಾರಾ ಅಂತ ಕೇಳಿದ್ದು ಅಷ್ಟೇ ಅಂದ್ರು. ಪುಷ್ಪಾ ಹೇಳಿದ್ದು ಬರೀ ಗಾಳಿಮಾತು.

ಮನೆ ಸಿಕ್ಕಿತು. ನಿಮ್ಮವ್ವನಿಗೆ ಅದರ ಖುಷಿಯೇ ಇಲ್ಲ. ಬದುಕಿರೋ ಮಗನಿಗೆ ನೀರು ಹುಯ್ಕೊಂಡ್ಬುಟ್ಟೆ ಕಣೇ ಚಂದ್ರೀ, ಅದೂ ಸುಮ್ಮಸುಮ್ಮನೆ ಅಂತಾರೆ, ಇನ್ನೊಂದು ಮಾತಿಲ್ಲ. ನಿನ್ನೆಯಿಂದ ತುತ್ತು ಅನ್ನ ಮುಟ್ಟಿಲ್ಲ. ಸೂತಕ ಅಂತ ಮಂಜುನ್ನೂ ಹತ್ತಿರ ಸೇರಿಸಲ್ಲ. ಬಾಲು ಚೀಲ ಹೆಗಲಿಗೆ ಹಾಕ್ಕೊಂಡು ನಿಂತಿದ್ದಾನೆ, ಬೇಗ ಬರೀತಿದ್ದೀನಿ. ಮನೆ ನೋಡೋಕೆ ಬರಬೇಡಿ, ನನಗೋಸ್ಕರನೂ ಬರಬೇಡಿ. ನಿಮ್ಮವ್ವನ ಎದುರಿಗೆ ಬಂದು ನಿಂತು, ಬದುಕಿದ್ದೀನಿ ಅವ್ವಾ ಅಂತ ಹೇಳಿ, ಸಾಕು.