ದೂರಿಲ್ಲದ ವಿಭಾಗಕ್ಕೆ ಬಹುಮಾನ

ಅಕ್ಕ,

ನಿಮ್ಮ ಹೊಸ ವಿಳಾಸ ಗೊತ್ತಿದೆ. ಕಳಿಸುವ ಮುಖವಿಲ್ಲ, ಸುಮ್ಮನೆ ಬರೆಯುತ್ತಿದ್ದೇನೆ.

ಇಷ್ಟು ದೊಡ್ಡ ಔಷಧ ಕಂಪನಿಯಲ್ಲಿ ಈ ಸಲದ ‘ನಿರ್ಭಯ ಮಾತು’ ಬಹುಮಾನ ಇವತ್ತು ಬೆಳಿಗ್ಗೆ ನಮ್ಮ ಪ್ಯಾಕಿಂಗ್ ವಿಭಾಗಕ್ಕೇ ಬಂತು. ವರ್ಷವಿಡೀ ನಮ್ಮಿಂದ ಒಂದೂ ದೂರು ಹೋಗಲಿಲ್ಲವಂತೆ, ಅದಕ್ಕೆ. “ಎಲ್ಲರೂ ಮನಸ್ಸು ಬಿಚ್ಚಿ ಮಾತಾಡೋ ಕಡೆ ದೂರು ಯಾಕೆ ಬರುತ್ತೆ ಹೇಳಿ?” ಎಂದರು ಮ್ಯಾನೇಜರ್. ಮೈಯೆಲ್ಲ ಉರಿದುಹೋಯಿತು. ಎರಡು ಮಾತಾಡಿ ಎಂದು ನನ್ನ ಕೈಗೆ ಮೈಕ್ ಕೊಟ್ಟರು. “ಥ್ಯಾಂಕ್ಸ್ ಸರ್” ಎಂದೆ.

ಬಹುಮಾನದ ಫಲಕವನ್ನು ಎಲ್ಲಿ ಹಾಕಿದ್ದಾರೆ ಗೊತ್ತೇ? ಯಂತ್ರ ನಿಲ್ಲಿಸುವ ಕೆಂಪು ಗುಂಡಿಯ ಮೇಲ್ಗಡೆ. ಪದೇ ಪದೇ ಅದನ್ನು ಒತ್ತುತ್ತೀರೆಂದೇ ನಿಮ್ಮನ್ನು ಗೋದಾಮಿಗೆ ಎತ್ತಿಹಾಕಿದರು, ನೀವು ಕೆಲಸವನ್ನೇ ಬಿಟ್ಟಿರಿ. ಆಗಲೂ ನಮ್ಮಲ್ಲಿ ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಮಧ್ಯಾಹ್ನ ಒಂದು ಸ್ಟ್ರಿಪ್ ಬಂತು. ಒಂದು ಗುಳಿಯಲ್ಲಿ ಮಾತ್ರೆಯೇ ಇಲ್ಲ. ಹೀಗೆ ಒಂದು ಸಿಕ್ಕರೆ ಯಂತ್ರ ನಿಲ್ಲಿಸಿ, ಮುಂದೆ ಹೋಗಿರುವುದನ್ನೆಲ್ಲ ತೆಗೆಸಿ ನೋಡಬೇಕೆಂದು ಕಲಿಸಿದವರು ನೀವು. ಕೈ ಗುಂಡಿಯವರೆಗೂ ಹೋಯಿತು. “ಇವತ್ತೇ ಬೇಕಿತ್ತಾ ತಾಯಿ?” ಎಂದರು ಸೂಪರ್‌ವೈಸರ್, ಮೆಲ್ಲಗೆ. ಆ ಒಂದು ಸ್ಟ್ರಿಪ್ಪನ್ನಷ್ಟೇ ಎತ್ತಿ ಕಸದ ಡಬ್ಬಿಗೆ ಹಾಕಿದೆ. ಯಂತ್ರ ಓಡುತ್ತಲೇ ಇತ್ತು.

ಸಂಜೆ ಅಮ್ಮ ಬಿಪಿ ಮಾತ್ರೆ ಕೇಳಿದಳು. ಅದು ನಮ್ಮ ಕಂಪನಿಯದೇ. ಹೊಸ ಸ್ಟ್ರಿಪ್ಪಿನ ಒಂದೊಂದು ಗುಳಿಯನ್ನೂ ಬೆರಳಿನಿಂದ ಮುಟ್ಟಿ ನೋಡುತ್ತಾ ನಿಂತುಬಿಟ್ಟೆ.

“ಅದನ್ನೆಲ್ಲ ಅಲ್ಲೇ ನೀವು ನೋಡಿರ್ತೀರಲ್ಲೇ,” ಎಂದು ಅಮ್ಮ ಕೈ ಚಾಚಿದಳು.