ಸ್ಟೀಲಿನ ತಲೆಬುರುಡೆ

೧೫ ಏಪ್ರಿಲ್ ೨೦೨೫, ಮಂಗಳವಾರ

ಅಂಗೈ ಇನ್ನೂ ಉರಿಯುತ್ತಿದೆ. ಕಾರಿನ ಗೇರ್ ನಾಬ್ ಒಡೆದಿತ್ತು, ಸಾದಾ ಕಪ್ಪು ರಬ್ಬರಿನದು ಹಾಕಿಸು ಎಂದು ಮೈದುನ ಪುಟ್ಟರಾಜುವಿಗೆ ಹೇಳಿದ್ದೆ. ಹಾಕಿಸಿಕೊಂಡು ಬಂದದ್ದು ಸ್ಟೀಲಿನ ತಲೆಬುರುಡೆ. ಸ್ಕೂಲಿನ ಮುಂದೆ ಬಿಸಿಲಲ್ಲಿ ನಿಂತ ಕಾರು. ಸಂಜೆ ಹಿಡಿದರೆ ಕಾದ ಕಾವಲಿ. ಅದರ ಮೇಲೆ ಗೇರಿನ ನಂಬರೂ ಇಲ್ಲ.

ಕೇಳಿದರೆ, "ಅಳೇದ್ರಲ್ಲೂ ನಂಬರ್ ಅಳ್ಸೋಗಿತ್ತಲ್ಲ ಅತ್ಗೆ. ನೀವು ಅಂದಾಜ್ ಮೇಲೇ ತಾನೇ ಓಡ್ಸೋದು?" ಎಂದು ಹಲ್ಲು ಕಿರಿದ.

ಅಂದಾಜಂತೆ! ಹನ್ನೊಂದು ವರ್ಷ ದಿನಾ ಬೆಳಗೊಳದಿಂದ ಪಾಂಡವಪುರಕ್ಕೆ ಓಡಿಸಿ ಆ ನಂಬರು ಅಳಿಸಿದ್ದು ಈ ಅಂಗೈ. ನಂಬರು ನೋಡಿಕೊಂಡೇ ಗೇರು ಹಾಕುವ ಅವನು ನಮ್ಮ ಗೇಟಿಗೆ ಎರಡು ಸಲ ಗುದ್ದಿದ್ದಾನೆ.

ಬುರುಡೆ ಬಿಚ್ಚಿ ಅಡುಗೆಮನೆಯಲ್ಲಿಟ್ಟಿದ್ದೇನೆ. ನಾಳೆ ಬರೀ ಕಂಬಿ ಹಿಡಿದು ಓಡಿಸುತ್ತೇನೆ. ಬುರುಡೆಗೆ ಒಳ್ಳೇ ತೂಕವಿದೆ, ಅವನ ಸಾರಿಗೆ ಬೆಳ್ಳುಳ್ಳಿ ಜಜ್ಜಲಿಕ್ಕೆ ಸರಿಯಾಗುತ್ತದೆ. ಎಷ್ಟು ಎಸಳು ಹಾಕಲಿ ಎಂದು ಕೇಳುವುದಿಲ್ಲ. ಅಂದಾಜಿನ ಮೇಲೇ ಹಾಕುತ್ತೇನೆ.