ಗೇಟಿನ ಹತ್ತಿರ ಎರಡು ಬಕೆಟ್

ಹಿತ್ತಿಲ ಮೆಟ್ಟಿಲು,
ಏಪ್ರಿಲ್ ಒಂಬತ್ತು, ಬುಧವಾರ

ಪ್ರೀತಿಯ ಅಪ್ಪಾ,

ಸೊಂಟ ಹೇಗಿದೆ? ಊರುಗೋಲು ಬಿಟ್ಟು ವರಾಂಡದ ತುದಿಯವರೆಗೂ ನಡೆದೆಯಂತೆ, ನರ್ಸಮ್ಮ ಬೈದರಂತೆ. ಅಮ್ಮ ಹೇಳಿದಳು. ಆರು ವಾರ ಆಸ್ಪತ್ರೆಯಲ್ಲಿ ಮಲಗಿದರೂ ನಿನ್ನ ಹಟ ಮಾತ್ರ ಒಂದು ಗೀರೂ ಬೀಳದೆ ಉಳಿದಿದೆ. ಮೂಳೆಯೂ ಅಷ್ಟೇ ಗಟ್ಟಿಯಾಗಿದ್ದಿದ್ದರೆ ನಾವೆಲ್ಲ ಬಚಾವಾಗುತ್ತಿದ್ದೆವು. ನಿದ್ದೆ ಬರುತ್ತಿದೆಯಾ? ನನಗಂತೂ ಇಲ್ಲ. ಈ ಕಾಗದಕ್ಕೆ ಕೂತವಳು ಆಗಲೇ ಮೂರು ಸಲ ಎದ್ದು ಅಂಗಳ ನೋಡಿಬಂದೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿನ್ನ ದನಿ ಕೇಳಿದೊಡನೆ ಬೇರೆ ಏನೋ ಮಾತಾಡಿ ಇಟ್ಟುಬಿಡುತ್ತೇನೆ.

ಸುತ್ತಿ ಬಳಸುವುದು ಬೇಡ. ನಿನ್ನ ಹುಲ್ಲುಹಾಸು ಈಗ ಇಲ್ಲ. ನಾನೇ ಅಗೆದು ತೆಗೆದೆ.

ಸಿಟ್ಟಾಗುವ ಮುಂಚೆ ಪೂರ್ತಿ ಓದು. ನೀನು ಆಸ್ಪತ್ರೆ ಸೇರಿದ ವಾರವೇ ನೀರಿನ ಕಚೇರಿಯವರು ಮನೆಮನೆಗೆ ಚೀಟಿ ಹಂಚಿದರು. ನಲ್ಲಿ ವಾರಕ್ಕೆರಡೇ ದಿನ, ಹುಲ್ಲಿಗೆ ಪೈಪು ಹಿಡಿಯುವಂತಿಲ್ಲ. ಹತ್ತು ದಿನದಲ್ಲಿ ಗೇಟಿನ ಪಕ್ಕದ ಹುಲ್ಲೆಲ್ಲ ಕಾಲಿಟ್ಟರೆ ಕರಕರ ಅನ್ನತೊಡಗಿತು. ಇತ್ತ ನನ್ನ ಕಸುಬೇ ಕಂಡವರ ಮನೆಯ ಹುಲ್ಲು ಕೀಳಿಸಿ ಕಡಿಮೆ ನೀರಿನ ತೋಟ ಮಾಡಿಕೊಡುವುದು. ಹಲ್ಲಿನ ಡಾಕ್ಟರ್ ಮನೆಯಲ್ಲಿ ನಕ್ಷೆ ಬಿಡಿಸುತ್ತಿದ್ದಾಗ ಆಕೆ, "ನಿಮ್ಮನೇಲೂ ಹೀಗೇನಾ?" ಅಂದುಬಿಟ್ಟರು. ದೀಪದ ಬುಡದಲ್ಲೇ ಕತ್ತಲೆ. ಹಲ್ಲು ಕೀಳಿಸಿಕೊಂಡವಳ ಹಾಗೆ ಬಾಯಿ ಮುಚ್ಚಿಕೊಂಡು ಬಂದೆ.

ಅದು ಬರೀ ಹುಲ್ಲಲ್ಲ, ಗೊತ್ತು. ಮೂವತ್ತು ವರ್ಷ ಆಟದ ಮೈದಾನದ ಹುಲ್ಲು ಸವರಿ, ನಿವೃತ್ತಿಯ ದಿನ ಉಡುಗೊರೆ ಬೇಡವೆಂದು ಅದೇ ಹುಲ್ಲಿನ ಒಂದು ಮೂಟೆ ಬೇರು ಕೇಳಿ ತಂದು ಇಲ್ಲಿ ನೆಟ್ಟವನು ನೀನು. ಮೊದಲ ಗುದ್ದಲಿ ಹಾಕುವಾಗ ಅಳು ಬಂತು. ಅತ್ತುಕೊಂಡೇ ಅಗೆದೆ.

ಈಗ ಅಂಗಳದ ನಡುವೆ ಆಳವಿಲ್ಲದ ಒಂದು ತಗ್ಗಿದೆ, ಸೂರಿನ ಮಳೆನೀರು ಬೀದಿಗೆ ಓಡದೆ ಅಲ್ಲೇ ಇಂಗಲಿ ಅಂತ. ಸ್ವಲ್ಪ ನೀರು ಕೇಳುವ ಗಿಡಗಳು ಅದರ ಅಂಚಿಗೆ, ಬಾಯಾರಿಕೆಯೇ ಗೊತ್ತಿಲ್ಲದ ಕತ್ತಾಳೆ, ಲೋಳೆಸರಗಳು ಗೇಟಿನ ಬಿಸಿಲಿಗೆ. ಸುತ್ತ ಜಲ್ಲಿ ಹರಡಿದ್ದೇನೆ. ಬೇರೂರುವವರೆಗೆ ವಾರಕ್ಕೊಮ್ಮೆ ಒಂದೊಂದು ಚೊಂಬು ನೀರು, ಆಮೇಲೆ ಅದೂ ಅಪರೂಪ. ಮಣ್ಣಿಗೆ ಬೆರಳು ಚುಚ್ಚಿ ನೋಡದೆ ನೀರು ಹಾಕಬಾರದು ಅಂತ ಕಲಿಸಿದವನು ನೀನೇ ಅಲ್ಲವಾ?

ಎಡವಟ್ಟಾದದ್ದು ಆಮೇಲೆ. ನೀನು ಮನೆಗೆ ಬರುವವರೆಗೂ ಈ ಸುದ್ದಿ ಎತ್ತಬಾರದು ಅಂತ ನಾನೂ ಅಮ್ಮನೂ ಮಾತಾಡಿಕೊಂಡೆವು. ನೀನೋ, ದಿನಾ ಸಂಜೆ ಫೋನಿನಲ್ಲಿ ಅಮ್ಮನಿಗೆ, "ಬಟ್ಟೆ ಒಗೆದ ನೀರು ಗೇಟಿನ ಹತ್ರ ಎರಡು ಬಕೆಟ್ ಹಾಕು. ಹಾಕಿದ್ಯಾ?" ಅನ್ನುತ್ತೀಯ. ಅವಳಿಗೆ ನಿಜ ಹೇಳಲು ಧೈರ್ಯವಿಲ್ಲ, ಸುಳ್ಳಿಗೆ ನಾಲಿಗೆ ಹೊರಳುವುದಿಲ್ಲ. ಅದಕ್ಕೆ ದಿನಾ ಎರಡು ಬಕೆಟ್ ಹೊತ್ತುಕೊಂಡು ಹೋಗಿ ಕತ್ತಾಳೆ, ಲೋಳೆಸರಗಳ ಬುಡಕ್ಕೇ ಸುರಿದು ಬಂದು, ನಿಶ್ಚಿಂತೆಯಿಂದ "ಹಾಕಿದೆ" ಅನ್ನುತ್ತಾಳೆ. ಕೆಲಸಕ್ಕೆ ಹೋಗಿರುವ ನನಗೇನು ಗೊತ್ತು? ಎಲೆ ಹಳದಿಯಾದಾಗ ರೋಗವೆಂದುಕೊಂಡೆ. ಮೊನ್ನೆ ಒಂದು ಲೋಳೆಸರ ಮುಟ್ಟಿದರೆ ಬುಡ ಕೊಳೆತು ಇಡೀ ಗಿಡ ಕೈಗೇ ಬಂತು. ನೆಟ್ಟ ಇಪ್ಪತ್ತರಲ್ಲಿ ಹನ್ನೊಂದು ಹೋದವು. ಅಮ್ಮನನ್ನು ಕೇಳಿದರೆ, "ಹಾಕಿದೆ ಅಂತ ಅವರಿಗೆ ಹೇಳ್ಬೇಕಲ್ಲೇ, ಹಾಕದೇ ಹೇಗೆ ಹೇಳ್ಲಿ?" ಅಂತ ನನ್ನನ್ನೇ ಕೇಳಿದಳು. ಜಗಳವಾಡಿದೆ. ಬಕೆಟ್ ಬಚ್ಚಿಟ್ಟೆ. ನಿನ್ನೆ ದೊಡ್ಡ ಪಾತ್ರೆಯಲ್ಲಿ ಹೊತ್ತಳು.

ಇನ್ನು ಮೂರು ವಾರಕ್ಕೆ ನಿನ್ನನ್ನು ಬಿಡುತ್ತಾರಂತೆ. ಬರುವ ಸಂತೋಷ ಒಂದು ಕಡೆ, ಗೇಟು ತೆಗೆದಾಗ ನಿನ್ನ ಮುಖ ಹೇಗಾಗುತ್ತದೋ ಅನ್ನುವ ಭಯ ಇನ್ನೊಂದು ಕಡೆ. ಅಪ್ಪನ ಹುಲ್ಲನ್ನೂ ಕಿತ್ತು, ಆ ಜಾಗದಲ್ಲಿ ಏನನ್ನೂ ಉಳಿಸಿಕೊಳ್ಳಲಾರದವಳು ಅಂತ ಆಗಬಾರದು ನಾನು. ಉಳಿದ ಒಂಬತ್ತಾದರೂ ನಿನ್ನ ಕಣ್ಣಿಗೆ ಬೀಳಬೇಕು.

ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೋ. ನಿನ್ನನ್ನು ಸಹಿಸಿಕೊಂಡಿರುವ ನರ್ಸಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಬೈಗುಳಕ್ಕೆ ಸಿದ್ಧಳಾಗಿರುವ
ನಿನ್ನ ಮಗಳು

ಮರೆತ ಮಾತು: ಅಂಚೆ ಹೊರಡುವ ಹೊತ್ತಾಯಿತು, ಅಸಲು ಮಾತು ಉಳಿದೇಹೋಯಿತು. ನಾನು ಬರೆದದ್ದು ಅಮ್ಮನಿಗೆ ಗೊತ್ತಿಲ್ಲ. ನೀರಿನ ವಿಷಯದಲ್ಲಿ ಅವಳು ಕೇಳುವುದು ನಿನ್ನ ಮಾತೊಂದನ್ನೇ. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ, ಇದು ಕೈ ಸೇರಿದ ಸಂಜೆ ಅವಳಿಗೆ, "ನಾಳೆಯಿಂದ ಗೇಟಿನ ಹತ್ರ ನೀರು ಹಾಕ್ಬೇಡ" ಅಂತ ನೀನೇ ಹೇಳಬೇಕು. ಆ ಮಾತು ನಿನ್ನ ಬಾಯಲ್ಲಿ ಬರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು, ಅಪ್ಪಾ. ಅಲ್ಲಿಯವರೆಗೂ ದಿನಾ ಸಂಜೆ ಕೆಲಸದಿಂದ ಬೇಗ ಬಂದು ಫೋನಿನ ಪಕ್ಕದಲ್ಲೇ ಕೂತಿರುತ್ತೇನೆ.